ಮೂರನೇ ಗೇಟಿನ ಆಚೆ

ಬಸವೇಶ್ವರನಗರ, ಬೆಂಗಳೂರು
12 ಜನವರಿ 2025

ಲಿಂಗಪ್ಪ ಸಾರ್‌ಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಹೆಸರು ಅನು. ಇಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಉಳಿದ ಹೊತ್ತು ಗಿಟಾರ್ ನುಡಿಸುತ್ತೇನೆ. ನಮ್ಮದೊಂದು ಮೆಟಲ್ ಬ್ಯಾಂಡ್ ಇದೆ, ‘ಕಬ್ಬಿಣದ ಕಡಲೆ’ ಅಂತ. ಮೆಟಲ್ ಅಂದರೆ ಗಿಟಾರಿನ ದನಿಯನ್ನು ಬೇಕೆಂದೇ ಒಡೆದು, ಡ್ರಮ್ಮನ್ನು ಎರಡೂ ಕಾಲಿನಲ್ಲಿ ಬಡಿದು ಮಾಡುವ ಸಂಗೀತ. ನಾನು ಮನೆಯಲ್ಲಿ ಅಭ್ಯಾಸ ಮಾಡುವಾಗ ಓನರ್ ಮುನಿತಾಯಮ್ಮನವರು ಬಾಗಿಲು ತಟ್ಟಿ, "ಮಿಕ್ಸೀಲಿ ಕಲ್ಲೇನಾದ್ರೂ ಸಿಗಾಕ್ಕೊಂಡಿದ್ಯೇನಮ್ಮಾ?" ಎಂದು ವಿಚಾರಿಸುತ್ತಾರೆ. ಅದರಿಂದ ನಿಮಗೆ ಒಂದು ಅಂದಾಜು ಸಿಗಬಹುದು.

ನಾವು ಹಳೆಯ ವಿಡಿಯೋ ಗೇಮ್‌ಗಳ ಸಂಗೀತವನ್ನು ಮೆಟಲ್‌ಗೆ ಹೊಂದಿಸಿ ನುಡಿಸುತ್ತೇವೆ. ಹೊರದೇಶದವನ್ನೆಲ್ಲ ನುಡಿಸಿ ಆಯಿತು. ನಮ್ಮೂರಿನದು ಅಂತ ಇರುವುದು ಒಂದೇ, ಕೀಪ್ಯಾಡ್ ಫೋನಿನಲ್ಲಿ ಬರುತ್ತಿದ್ದ ‘ಗೂಳಿ ಬಂತು’. ಮಾರ್ಕೆಟ್ಟಿನಲ್ಲಿ ಸಿಕ್ಕಿಕೊಂಡ ಗೂಳಿಯೊಂದು ಮೂರು ಗೇಟು ದಾಟಿ ಹೊರಗೆ ಓಡಬೇಕಾದ ಆಟ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮಾವನ ಫೋನು ಕಸಿದುಕೊಂಡು ಅದನ್ನೇ ಆಡುತ್ತಿದ್ದೆ. ಮೂರನೇ ಗೇಟಿನ ಹತ್ತಿರ ಬರುವ ಟ್ಯೂನ್ ಇವತ್ತಿಗೂ ತಲೆಯಿಂದ ಹೋಗಿಲ್ಲ. ಆಟ ಶುರುವಾಗುವಾಗ ‘ಸಂಗೀತ: ಲಿಂಗಪ್ಪ’ ಎಂದು ಬರುತ್ತಿತ್ತು.

ಆಟ ಮಾಡಿದ ಕಂಪನಿಯ ವೆಂಕಟೇಶ್ ಅವರನ್ನು ಹುಡುಕಿದೆ. ಈಗ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. "ಕಂಪ್ನಿ ಹೋಯ್ತು, ಆಟಾನೂ ಹೋಯ್ತು. ಟ್ಯೂನ್ ಇನ್ನೂ ಉಳ್ಕೊಂಡಿದ್ಯಾ? ನಂದೇನೂ ಅಭ್ಯಂತರ ಇಲ್ಲ, ಲಿಂಗಪ್ಪನ್ನ ಒಂದ್ಮಾತು ಕೇಳ್ಬಿಡಮ್ಮ" ಎಂದು ನಿಮ್ಮ ಗದಗದ ವಿಳಾಸ ಕೊಟ್ಟರು. ಫೋನ್ ನಂಬರ್ ಅವರ ಹತ್ತಿರ ಇರಲಿಲ್ಲ.

ನಾವು ನುಡಿಸಿದ್ದನ್ನು ಪೆನ್ ಡ್ರೈವ್‌ನಲ್ಲಿ ಹಾಕಿ ಇದರ ಜೊತೆ ಕಳಿಸಿದ್ದೇನೆ. ನಮ್ಮ ಮೊದಲ ಆಲ್ಬಮ್ಮಿನಲ್ಲಿ ಇದನ್ನು ಸೇರಿಸಲು ನಿಮ್ಮ ಒಪ್ಪಿಗೆ ಬೇಕು. ನನ್ನ ನಂಬರ್ ಕೆಳಗಿದೆ, ಒಂದು ಮಿಸ್ ಕಾಲ್ ಕೊಟ್ಟರೂ ಸಾಕು.

ಅನು

*

ಬೆಟಗೇರಿ, ಗದಗ
26 ಜನವರಿ 2025

ಅನು ಅವರಿಗೆ ಲಿಂಗಪ್ಪ ಮಾಡುವ ಶರಣು.

ನಿಮ್ಮ ಪತ್ರ ತಲುಪಿತು. ನಾನೀಗ ಹಾರ್ಮೋನಿಯಂ ರಿಪೇರಿ ಮಾಡುತ್ತೇನೆ. ಅಂಗಡಿಯಲ್ಲಿ ಭಜನೆಗೆಂದು ಇಟ್ಟ ಸ್ಪೀಕರಿಗೆ ನಿಮ್ಮ ಪೆನ್ ಡ್ರೈವ್ ಸಿಕ್ಕಿಸಿ ಕೇಳಿದೆ. ಮೊದಲ ಸಲ ಸ್ಪೀಕರ್ ಕೆಟ್ಟಿತು ಅಂದುಕೊಂಡೆ. ಎರಡನೇ ಸಲ ಒಳಗೆ ನನ್ನ ಟ್ಯೂನ್ ಕಂಡಿತು. ಚೆನ್ನಾಗಿದೆಯೋ ಇಲ್ಲವೋ ಹೇಳುವ ಯೋಗ್ಯತೆ ನನಗಿಲ್ಲ. ಸ್ವರ ತಪ್ಪಿಲ್ಲ, ಅಷ್ಟು ಹೇಳಬಲ್ಲೆ.

ಆದರೆ ಕೊನೆಗೆ ‘ಟುಂಯ್’ ಎಂದು ಐದು ಸ್ವರ ಕೆಳಗಿಳಿಯುತ್ತವಲ್ಲ, ಅದನ್ನು ನೀವು ಬಲು ಪ್ರೀತಿಯಿಂದ ನಾಲ್ಕು ಸಲ ನುಡಿಸಿದ್ದೀರಿ. ಅದು ನನ್ನದಲ್ಲ. ಗೂಳಿ ಸತ್ತಾಗ ಬರಲಿ ಎಂದು ವೆಂಕಟೇಶ್ ಮಾಡಿದ ಸದ್ದು ಅದು. ಹೆಣ ಎತ್ತುವ ಸದ್ದನ್ನು ನೀವು ಮದುವೆಯ ಹಾಡಿಗೆ ಸೇರಿಸಿದ್ದೀರಿ.

ನನ್ನ ಟ್ಯೂನ್ ಅಲ್ಲಿಗೆ ಮುಗಿಯುವುದೂ ಇಲ್ಲ. ನೀವು ಕೇಳಿದ್ದು ಅರ್ಧ.

ಫೋನು ಮಾಡಬೇಡಿ. ಮನೆಯಲ್ಲಿರುವುದು ಒಂದೇ ಫೋನು, ಅದಕ್ಕೆ ಬಿಡುವಿಲ್ಲ.

ಲಿಂಗಪ್ಪ

*

ಬಸವೇಶ್ವರನಗರ
9 ಫೆಬ್ರವರಿ 2025

ಲಿಂಗಪ್ಪ ಸಾರ್,

ನಿಮ್ಮ ಪತ್ರವನ್ನು ಬ್ಯಾಂಡಿನವರ ಮುಂದೆ ಓದಿದೆ. ನಾವು ಮೂವರು. ಬೇಸ್ ಗಿಟಾರ್ ನುಡಿಸುವ ರಾಜೇಂದ್ರ, ಡ್ರಮ್ ಬಾರಿಸುವ ಕಲ್ಮೇಶ್, ನಾನು. ಕಲ್ಮೇಶ್ ನಿಮ್ಮ ಕಡೆಯವನೇ, ರೋಣ. ಹಗಲು ಊಟದ ಪಾರ್ಸೆಲ್ ಡೆಲಿವರಿ ಮಾಡುತ್ತಾನೆ. ಪತ್ರ ಕೇಳಿ, "ಗೇಟಿನ ಆಚೆ ಏನೋ ಐತಿ ಅಂತ ನನಗ ಆವಾಗ್ಲೇ ಅನಸಿತ್ತು" ಎಂದ. ರಾಜೇಂದ್ರ, "ರೀಲು ಬಿಡ್ಬೇಡ ಗುರು" ಎಂದ.

ಸತ್ಯ ಹೇಳಬೇಕೆಂದರೆ ಮೂರನೇ ಗೇಟು ದಾಟಿದವರನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಗೇಟಿಗೆ ಗುದ್ದುವುದು, ಸಾಯುವುದು, ‘ಟುಂಯ್’, ಮತ್ತೆ ಮೊದಲಿಂದ. ಸಾವಿರ ಸಲ ಹಾಗೆ ಕೇಳಿ ಕೇಳಿ ಅದೂ ಹಾಡಿನದೇ ಅಂದುಕೊಂಡಿದ್ದೆವು.

ನಾವು ಅಭ್ಯಾಸ ಮಾಡುವುದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ. ಪಕ್ಕದಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಇದೆ. ಅದು ನಡೆಯುವಾಗ ಮಾತ್ರ ನಾವು ನುಡಿಸಬಹುದು, ಅದರ ಗಲಾಟೆಯಲ್ಲಿ ನಮ್ಮದು ಯಾರಿಗೂ ಕೇಳಿಸುವುದಿಲ್ಲ. ಭಾನುವಾರ ಪ್ರೆಸ್ಸಿಗೆ ರಜೆ, ಹಾಗಾಗಿ ನಮಗೂ ರಜೆ.

ಉಳಿದ ಅರ್ಧವನ್ನು ದಯವಿಟ್ಟು ಕಳಿಸಿಕೊಡಿ.

ಅನು

*

ಬೆಟಗೇರಿ
22 ಫೆಬ್ರವರಿ 2025

ಅನು ಅವರಿಗೆ,

ಉಳಿದ ಅರ್ಧವನ್ನು ಸರಿಗಮದಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಕಲ್ಮೇಶನಿಗೆ ಓದಲು ಬಾರದಿದ್ದರೆ, ಹಾಡುಗಾರರ ಊರಾದ ರೋಣದವನು ಎಂದು ಹೇಳಿಕೊಳ್ಳಬಾರದೆಂದು ತಿಳಿಸಿ.

ಗೂಳಿ ಮಾರ್ಕೆಟ್ಟಿನಿಂದ ಹೊರಬಿದ್ದು ಹೊಲಕ್ಕೆ ಬಂದಾಗ ನುಡಿಯಬೇಕಾದ ಭಾಗ ಇದು. ನಮ್ಮ ಕಡೆ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವ ಪದದ ಧಾಟಿ. ಮೊದಲರ್ಧದ ಓಟವೆಲ್ಲ ಇದಕ್ಕೆ ಬಂದು ಸೇರಲೆಂದೇ ಇತ್ತು.

ನೀವು ಮಾತ್ರವಲ್ಲ, ಯಾರೂ ಆ ಗೇಟು ದಾಟಿಲ್ಲ. ಗೇಟು ತೆರೆಯಲು ಬೇಕಾದ ಅಂಕ, ಆ ಆಟದಲ್ಲಿ ಸಿಗಬಹುದಾದ ಅಂಕಕ್ಕಿಂತ ಹೆಚ್ಚು. ವೆಂಕಟೇಶ್ ಲೆಕ್ಕದಲ್ಲಿ ಯಾವಾಗಲೂ ಉದಾರಿ. ಆಟ ಫೋನುಗಳಿಗೆ ಹೋದ ಮೇಲೆ ಗೊತ್ತಾಯಿತು, ಸರಿಪಡಿಸುವ ಮೊದಲೇ ಕಂಪನಿ ಮುಚ್ಚಿತು.

ನನ್ನ ಒಪ್ಪಿಗೆಗೆ ಒಂದು ಷರತ್ತಿದೆ. ಎರಡೂ ಅರ್ಧ ಕೂಡಿಸಿ ನುಡಿಸಬೇಕು, ನಡುವೆ ‘ಟುಂಯ್’ ಇರಬಾರದು. ಆದಷ್ಟು ಬೇಗ ಕಳಿಸಿ. ಅದನ್ನು ಕೇಳಲು ಕಾದವರು ಒಬ್ಬರಿದ್ದಾರೆ. ಯಾರು, ಏನು ಎಂಬುದು ನಿಮಗೆ ಬೇಡ.

ಲಿಂಗಪ್ಪ

*

ಬಸವೇಶ್ವರನಗರ
2 ಏಪ್ರಿಲ್ 2025

ಲಿಂಗಪ್ಪ ಸಾರ್,

ತಡವಾಗಿದ್ದಕ್ಕೆ ಕ್ಷಮಿಸಿ. ಕ್ಲಿನಿಕ್ಕಿನಲ್ಲಿ ಜ್ವರದವರ ಸಾಲು. ಪ್ರೆಸ್ಸಿನವರಿಗೆ ಆರ್ಡರ್ ಇಲ್ಲದೆ ವಾರಗಟ್ಟಲೆ ಮೆಷಿನ್ ನಿಂತಿತ್ತು, ಹಾಗಾಗಿ ಅಭ್ಯಾಸವೂ ನಿಂತಿತ್ತು.

ಎರಡನೇ ಅರ್ಧ ತುಂಬಾ ಚೆನ್ನಾಗಿದೆ. ನಿಜವಾಗಲೂ ತುಂಬಾ ಚೆನ್ನಾಗಿದೆ. ಕಲ್ಮೇಶ್‌ಗೂ ಬಹಳ ಹಿಡಿಸಿತು. ಕೆಲಸ ನಡೆಯುತ್ತಿದೆ, ಇನ್ನೂ ಕೂಡಿಸುವುದಿದೆ. ಒಂದು ಮಾತು ಕೇಳಲೇ? ಕಾಯುತ್ತಿರುವವರು ಎಂದಿರಲ್ಲ, ಅವರು ಬೇರೆ ಬ್ಯಾಂಡಿನವರೇ?

ಅನು

*

ಬೆಟಗೇರಿ
9 ಏಪ್ರಿಲ್ 2025

ಅನು ಅವರಿಗೆ,

ಹಾರ್ಮೋನಿಯಂ ರಿಪೇರಿಗೆ ಕೊಟ್ಟವರು ಬಂದು ಕೇಳಿದಾಗ, ಕೆಲಸ ಮಾಡದಿದ್ದರೆ ನಾನೂ ಪೆಟ್ಟಿಗೆಯನ್ನು ಹೊಗಳುತ್ತೇನೆ. "ಎಂಥಾ ಕಟ್ಟಿಗಿ ರೀ ಇದು, ಈಗ ಸಿಗೂದಿಲ್ಲ" ಎನ್ನುತ್ತೇನೆ. ನಿಮ್ಮ ಪತ್ರ ಹಾಗೇ ಇತ್ತು.

ಬೇರೆ ಬ್ಯಾಂಡಿನವರು ಯಾರೂ ಇಲ್ಲ. ಷರತ್ತು ವಾಪಸ್ಸು ತೆಗೆದುಕೊಂಡಿದ್ದೇನೆ. ಮೊದಲರ್ಧವನ್ನು ಹೇಗೆ ಬೇಕೋ ಹಾಗೆ ನುಡಿಸಿಕೊಳ್ಳಿ, ಒಪ್ಪಿಗೆ ಇದೆ. ಇನ್ನು ಪತ್ರದ ತೊಂದರೆ ತೆಗೆದುಕೊಳ್ಳಬೇಡಿ.

ಲಿಂಗಪ್ಪ

*

ಬಸವೇಶ್ವರನಗರ
20 ಏಪ್ರಿಲ್ 2025

ಸಾರ್,

ತೊಂದರೆ ತೆಗೆದುಕೊಳ್ಳುತ್ತಿದ್ದೇನೆ. ನೀವು ಹೇಳಿದ್ದು ಸರಿ, ಕೆಲಸ ಆಗಿಲ್ಲ.

ಈ ಹಾಡನ್ನು ನಾವು ಆಗಲೇ ಕೆಲವು ಕಡೆ ನುಡಿಸಿದ್ದೇವೆ. ಜನ ಬರುವುದೇ ಆ ‘ಟುಂಯ್’ಗಾಗಿ. ಅದು ಬಂದ ಕೂಡಲೇ ಇಡೀ ಹಾಲ್ "ಔಟ್" ಎಂದು ಕೂಗುತ್ತದೆ. ಎಲ್ಲರೂ ಚಿಕ್ಕಂದಿನಲ್ಲಿ ಅದೇ ಗೇಟಿಗೆ ಗುದ್ದಿ ಸತ್ತವರು. ರಾಜೇಂದ್ರ ಹೇಳುವುದು, "ಅದನ್ನ ತೆಗೆದ್ರೆ ಈ ಹಾಡಲ್ಲಿ ಉಳಿಯೋದೇನು ಮಗಾ? ಸ್ಲೋ ಪಾರ್ಟ್ ಯಾರಿಗೂ ಗೊತ್ತೇ ಇಲ್ಲ, ಜನ ಟೀ ಕುಡಿಯೋಕೆ ಎದ್ದು ಹೋಗ್ತಾರೆ." ನಾನು ವಾದ ಮಾಡಲಿಲ್ಲ. ನಿಮಗೆ ಹೇಳಲು ಧೈರ್ಯವೂ ಬರಲಿಲ್ಲ.

ಕಲ್ಮೇಶ್ ಮಾತ್ರ ಒಂದು ಪ್ರಶ್ನೆ ಕೇಳಿದ. "ಇಪ್ಪತ್ತು ವರ್ಷ ಸುಮ್ಮನಿದ್ದ ಮನಶ್ಯಾಗ ಈಗ ಯಾಕ ಇಷ್ಟ ಅವಸರ?" ನಿಮಗೆ ಹೇಳಬೇಕು ಅನಿಸಿದರೆ ಹೇಳಿ.

ಅನು

*

ಬೆಟಗೇರಿ
3 ಮೇ 2025

ಅನು,

ನಮ್ಮ ಮನೆಯ ಫೋನಿಗೆ ಬಿಡುವಿಲ್ಲ ಎಂದು ಬರೆದಿದ್ದೆನಲ್ಲ, ಅದನ್ನು ಹಿಡಿದುಕೊಂಡವಳು ನನ್ನ ಅವ್ವ. ಹೆಸರು ಅಕ್ಕವ್ವ. ಎಂಬತ್ತು ದಾಟಿದ್ದಾಳೆ. ಅವಳು ಆಡುವುದು ನಿಮ್ಮ ‘ಗೂಳಿ ಬಂತು’. ನಡುವೆ ಯಾರಾದರೂ ಕರೆ ಮಾಡಿದರೆ ಆಟ ಕೆಡುತ್ತದೆ, ಕರೆ ಮಾಡಿದವರಿಗೆ ಬೈಗುಳ ಬೀಳುತ್ತದೆ. ಅದಕ್ಕೇ ನಂಬರ್ ಕೊಡಲಿಲ್ಲ.

ಎರಡನೇ ಅರ್ಧ ಅವಳ ಪದ. ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು. ಬೆಂಗಳೂರಿನಿಂದ ಆ ಫೋನು ತಂದುಕೊಟ್ಟು, "ಮೂರನೇ ಗೇಟ್ ದಾಟಿದ್ರ ನಿನ್ನ ಪದ ಬರ್ತೈತಿ ಬೇ" ಎಂದಿದ್ದೆ. ಗೇಟಿನ ತಪ್ಪು ಗೊತ್ತಾಗುವಷ್ಟರಲ್ಲಿ ಅವಳು ಒತ್ತಲು ಕಲಿತಿದ್ದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ಹೋದವು. ಈಗ ಬೆರಳು ನಡುಗುತ್ತವೆ, ಎರಡನೇ ಗೇಟಿನಲ್ಲೇ ಸಾಯುತ್ತಾಳೆ. ಬ್ಯಾಟರಿ ಉಬ್ಬಿದೆ, ಅಂಥದ್ದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಕಲ್ಮೇಶನಿಗೆ ಹೇಳಿ, ಅವಸರ ಇದಕ್ಕೆ.

ಹಾರ್ಮೋನಿಯಂನಲ್ಲಿ ನುಡಿಸಿ ತೋರಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ನುಡಿಸಿದೆ. "ಇದು ನೀ ನುಡಿಸಿದ್ದು. ಗೂಳಿ ದಾಟಿದ ಮ್ಯಾಲೆ ಬರೂದು ಬ್ಯಾರೆ" ಎಂದಳು.

ನಿಮ್ಮ ಮೊದಲ ಪೆನ್ ಡ್ರೈವನ್ನೂ ಮನೆಗೆ ತಂದು ಕೇಳಿಸಿದ್ದೆ. ಅಷ್ಟು ಗದ್ದಲದಲ್ಲಿಯೂ ಅವಳಿಗೆ ಕೂಡಲೇ ಗುರುತು ಸಿಕ್ಕಿತು, ಎದ್ದು ಕುಳಿತಳು. ‘ಟುಂಯ್’ ಬಂತು. "ಸತ್ತಿತು" ಎಂದು ಎದ್ದು ಕೈ ತೊಳೆಯಲು ಹೋದಳು. ಅವತ್ತು ನನಗೆ ಬಹಳ ಕೆಟ್ಟದೆನಿಸಿತು.

ಲಿಂಗಪ್ಪ

*

ಬಸವೇಶ್ವರನಗರ
8 ಜೂನ್ 2025

ಲಿಂಗಪ್ಪ ಸಾರ್,

ನಿಮ್ಮ ಪತ್ರವನ್ನು ಕಲ್ಮೇಶ್ ಓದಿದ, ನಿಮ್ಮ ಕಡೆಯ ಉಚ್ಚಾರದಲ್ಲೇ. ಓದಿ ಮುಗಿಸಿದ ಮೇಲೆ ರಾಜೇಂದ್ರ ನೆಲದ ಮೇಲಿದ್ದ ವೈರು ಸುತ್ತಿಟ್ಟ. ಆಮೇಲೆ, "ಟುಂಯ್ ತೆಗಿ. ಗೇಟ್ ಒಡೆಯೋ ಸೌಂಡ್ ನಾನು ತರ್ತೀನಿ" ಎಂದ. ಪಕ್ಕದ ಪ್ರೆಸ್ಸಿನವರನ್ನು ಒಪ್ಪಿಸಿ, ದಪ್ಪ ತಗಡೊಂದನ್ನು ಒತ್ತಿಸಿ, ಆ ಏಟನ್ನೇ ರೆಕಾರ್ಡ್ ಮಾಡಿದೆವು. ಮೊದಲರ್ಧ ಓಡಿ ಬಂದು ಆ ಏಟಿಗೆ ಗುದ್ದುತ್ತದೆ. ಅಲ್ಲಿಂದಾಚೆ ಅಜ್ಜಿಯ ಪದ.

ಸ್ಲೋ ಅಂತ ನಾವು ಹೆದರಿದ್ದ ಭಾಗ ಈಗ ಎಲ್ಲಕ್ಕಿಂತ ಭಾರವಾಗಿದೆ. ಕಲ್ಲು ಉರುಳಿದ ಹಾಗಿದೆ. ಮುನಿತಾಯಮ್ಮನವರು ಈ ಸಲ ಬಾಗಿಲು ತಟ್ಟಲಿಲ್ಲ, ನನಗೆ ಅದೇ ಸರ್ಟಿಫಿಕೇಟ್.

ಪೆನ್ ಡ್ರೈವ್ ಇಟ್ಟಿದ್ದೇನೆ. ಅಜ್ಜಿ ಏನಂದರು ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ.

ಅನು

*

ಬೆಟಗೇರಿ
17 ಜೂನ್ 2025

ಅನು,

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಗೇಟು ಒಡೆದಾಗ ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ನಾನು ಸದ್ದು ಕಡಿಮೆ ಮಾಡಲು ಹೋದೆ. ಅವ್ವ ತಡೆದಳು. "ಇರಲಿ ಬಿಡು. ಅಷ್ಟ ದೊಡ್ಡ ಗೇಟ್ ಸುಮ್ಮನ ಒಡೀತೈತೇನು?"

ಪದ ಶುರುವಾಯಿತು. ಕೊನೆಯವರೆಗೆ ಕೇಳಿದಳು. ಆಮೇಲೆ ಕೇಳಿದಳು, "ಕಾಳ ಯಾರು ಹಾಕ್ತಾರು?"

ನನಗೆ ಅರ್ಥವಾಗಲಿಲ್ಲ. "ಒಂದ ಸವನ ಬೀಸಾಕತ್ತಾರ. ಕಾಳ ಹಾಕಲಾರದ ತಿರುವಿದ್ರ ಕಲ್ಲ ಕಲ್ಲನ್ನ ತಿಂತೈತಿ" ಎಂದಳು. ಎಂದವಳೇ ಮತ್ತೆ ಫೋನು ಹಿಡಿದು ಕುಳಿತಳು.

ತಪ್ಪು ನಿಮ್ಮದಲ್ಲ. ಬಲಗೈ ಕಲ್ಲು ತಿರುಗಿಸುವಾಗ ಎಡಗೈ ಮೊರದಿಂದ ಒಂದು ಮುಷ್ಟಿ ಜೋಳ ತೆಗೆದು ಕಲ್ಲಿನ ಬಾಯಿಗೆ ಹಾಕುತ್ತದೆ. ಆಗ ಕಲ್ಲು ನಿಧಾನಿಸುತ್ತದೆ, ಪದವೂ ಅಲ್ಲಿ ನಿಲ್ಲುತ್ತದೆ. ಪ್ರತಿ ನುಡಿಗೂ ಹಾಗೆ. ನಾನು ಮೊದಲು ಮಾಡಿದ್ದರಲ್ಲಿ ಆ ನಿಲುಗಡೆ ಇತ್ತು. ವೆಂಕಟೇಶ್, "ಮಧ್ಯ ಸೌಂಡ್ ನಿಂತ್ರೆ ಫೋನ್ ಹ್ಯಾಂಗ್ ಆಯ್ತು ಅಂದ್ಕೋತಾರೆ ಕಣ್ರೀ" ಎಂದು ತೆಗೆಸಿದ. ತೆಗೆದೆ, ಆಮೇಲೆ ಮರೆತೇಬಿಟ್ಟೆ. ಬೀಸುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಅವಳು ಮರೆತಿಲ್ಲ.

ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಬೇಡಿ. ಮುಷ್ಟಿ ತುಂಬಿ ಖಾಲಿಯಾಗುವಷ್ಟು. ಇನ್ನೊಮ್ಮೆ ಮಾಡಿ ಎಂದು ಕೇಳಲು ನನಗೆ ಸಂಕೋಚ. ಆದರೂ ಕೇಳುತ್ತಿದ್ದೇನೆ.

ಲಿಂಗಪ್ಪ

*

ಬಸವೇಶ್ವರನಗರ
20 ಜುಲೈ 2025

ಲಿಂಗಪ್ಪ ಸಾರ್,

ಇನ್ನೊಮ್ಮೆ ಮಾಡಿದ್ದೇವೆ.

ಆ ನಿಲುಗಡೆಯನ್ನು ತಾಳಕ್ಕೆ ಎಣಿಸಿ ನುಡಿಸಿದಾಗಲೆಲ್ಲ ಸುಳ್ಳು ಅನಿಸುತ್ತಿತ್ತು. ಕೊನೆಗೆ ಕಲ್ಮೇಶ್ ಮೊರ ಸಿಗದೆ ಸ್ಟೀಲ್ ತಟ್ಟೆಯಲ್ಲಿ ಜೋಳ ತುಂಬಿಸಿ ಡ್ರಮ್ಮಿನ ಪಕ್ಕ ಇಟ್ಟುಕೊಂಡ. ನುಡಿ ಮುಗಿದ ಕೂಡಲೇ ಎಡಗೈಯ ಕೋಲು ಬಿಟ್ಟು ಒಂದು ಮುಷ್ಟಿ ತೆಗೆದು ಡಬ್ಬಿಗೆ ಹಾಕುವುದು, ಕೋಲು ಎತ್ತಿಕೊಂಡು ಬಾರಿಸುವುದು. ನಾನೂ ರಾಜೇಂದ್ರನೂ ಅವನ ಕೈ ನೋಡುತ್ತಾ ಕಾಯುವುದು. ಶೆಡ್ಡಿನ ತುಂಬ ಜೋಳ. ಇಲಿ ಬಂದರೆ ಶೆಡ್ ಖಾಲಿ ಮಾಡಿಸುತ್ತೇನೆ ಎಂದು ಪ್ರೆಸ್ಸಿನ ಮೇಸ್ತ್ರಿ ಹೇಳಿಹೋದರು.

ಕಳೆದ ಶನಿವಾರ ವಿಜಯನಗರದ ಒಂದು ಹಾಲ್‌ನಲ್ಲಿ ನುಡಿಸಿದೆವು. ಬೆಳಗ್ಗೆ ಅಲ್ಲಿ ನಾಮಕರಣ ಆಗಿತ್ತು, ತೊಟ್ಟಿಲಿನ ಹೂವು ಇನ್ನೂ ನೇತಾಡುತ್ತಿತ್ತು. ಗೇಟು ಒಡೆದಾಗ ಜನಕ್ಕೆ ಏನಾಯಿತೆಂದೇ ತಿಳಿಯಲಿಲ್ಲ. ಮೊದಲ ನಿಲುಗಡೆ ಬಂತು. ಅಭ್ಯಾಸಬಲ, ಎಲ್ಲರೂ "ಔಟ್" ಎಂದು ಕೂಗಿದರು. ಹಾಡು ಸಾಯಲಿಲ್ಲ. ಎರಡನೇ ಸಲ ಅಲ್ಲೊಬ್ಬ ಇಲ್ಲೊಬ್ಬ ಕೂಗಿದ. ಮೂರನೇ ಸಲ ಯಾರೂ ಕೂಗಲಿಲ್ಲ. ಅಷ್ಟು ಜನ ಸುಮ್ಮನೆ ಕಲ್ಮೇಶನ ಕೈ ನೋಡುತ್ತಿದ್ದರು. ನನಗೆ ಅಳು ಬಂತು, ಒಂದು ಸ್ವರ ತಪ್ಪಿತು. ಯಾರೂ ಟೀ ಕುಡಿಯಲು ಹೋಗಲಿಲ್ಲ.

ಜೊತೆಗಿರುವುದು ಅವತ್ತಿನ ರೆಕಾರ್ಡಿಂಗ್. ತಪ್ಪಿದ ಸ್ವರವೂ ಅದರಲ್ಲಿದೆ. ಅಜ್ಜಿ ಇದನ್ನೂ ಬೇಡ ಅಂದರೆ ನನಗೆ ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮತ್ತೆ ಮಾಡುತ್ತೇವೆ.

ಅನು

*

ಬೆಟಗೇರಿ
29 ಜುಲೈ 2025

ಅನುಗೆ ಲಿಂಗಪ್ಪನ ಶರಣು.

ನಿನ್ನೆ ಮಧ್ಯಾಹ್ನ ಕೇಳಿಸಿದೆ. ಅವ್ವ ಗೋಡೆಗೆ ಒರಗಿ, ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕುಳಿತಿದ್ದಳು. ಫೋನು ತೊಡೆಯ ಮೇಲಿತ್ತು. ಗೇಟು ಒಡೆಯಿತು. ಮೊದಲ ನುಡಿ ಮುಗಿದು ನಿಮ್ಮ ಹಾಡು ನಿಂತಿತು. "ಔಟ್" ಎಂದು ನಿಮ್ಮ ಜನ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಈಗ "ಸತ್ತಿತು" ಅನ್ನುತ್ತಾಳೆ, ಎದ್ದು ಹೋಗುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ಅವಳ ಎಡಗೈ ಪಕ್ಕಕ್ಕೆ ಹೋಗಿತ್ತು. ಅಲ್ಲಿ ಮೊರವಿರಲಿಲ್ಲ, ಬರಿ ನೆಲ. ಕೈ ಮುಷ್ಟಿಯಾಯಿತು, ಮುಂದೆ ಬಂತು, ತೆರೆಯಿತು. ಆ ಹೊತ್ತಿಗೆ ಸರಿಯಾಗಿ ಕಲ್ಮೇಶ್ ಬಾರಿಸಿದ. ಎರಡನೇ ನುಡಿಯಿಂದ ಅವಳೂ ಹಾಡಿದಳು. ನಿಮ್ಮ ಗಿಟಾರಿನ ಮುಂದೆ ಅವಳ ದನಿ ಏನೂ ಅಲ್ಲ, ಆದರೂ ನಿಂತಲ್ಲೆಲ್ಲ ಸರಿಯಾಗಿ ನಿಂತಳು. ನಾನು ಅತ್ತೆ.

ಮುಗಿದ ಮೇಲೆ ಗೇಟಿನ ಲೆಕ್ಕದ ತಪ್ಪನ್ನು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವಳಿಗೆ ಅದು ಬೇಕಾಗಿರಲಿಲ್ಲ. "ಡೊಳ್ಳ ಬಾರಿಸಿದಂವ ಯಾರು?" ಎಂದು ಕೇಳಿದಳು. ರೋಣದವನು ಎಂದೆ. "ಅವರ ಮನ್ಯಾಗ ಯಾರೋ ಬೀಸಿರಬೇಕು. ಕೇಳಬೇಕು ಅವನ್ನ" ಎಂದಳು. ಆಮೇಲೆ ತೊಡೆಯ ಮೇಲಿನ ಫೋನು ಎತ್ತಿ ನನ್ನ ಕೈಗೆ ಕೊಟ್ಟಳು. "ಗೂಳಿ ಹೊಲಕ್ಕ ಹೋತು. ಇನ್ನ ಇದರಾಗ ನಂದೇನ ಕೆಲಸಿಲ್ಲ. ಮಾತಾಡವರು ಮಾತಾಡ್ರಿ."

ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಮಧ್ಯಾಹ್ನ ಊಟವಾದ ಮೇಲೆ ಮಾಡಿ, ಕಲ್ಮೇಶನೂ ಜೊತೆಗಿರಲಿ. ಫೋನಿಗೆ ಈಗ ಬಿಡುವಿದೆ. ಅವ್ವ ಎತ್ತುತ್ತಾಳೆ.

ಲಿಂಗಪ್ಪ